ಗಿರಾಕಿಯ ಉಪಚಾರವೂ ಮನುಷ್ಯನ ಮರ್ಯಾದೆಯೂ

ಮನುಷ್ಯನ ಗುಣವನ್ನು ಅಳೆಯುವುದಕ್ಕೆ ದೊಡ್ಡ ಸಂದರ್ಭಗಳೇ ಬೇಕೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಹಬ್ಬಹರಿದಿನಗಳಲ್ಲಿ, ಸಭೆಸಮಾರಂಭಗಳಲ್ಲಿ ಎಲ್ಲರೂ ವಿನಯವಂತರೇ. ಯಾರೂ ಗಮನಿಸದ ಅರೆಗಳಿಗೆಯಲ್ಲಿ, ತನಗಿಂತ ಕಿರಿಯನೆಂದು ತಾನೇ ಎಣಿಸಿಕೊಂಡವನೊಡನೆ ಒಬ್ಬನು ಹೇಗೆ ನಡೆದುಕೊಳ್ಳುವನೆಂಬುದೇ ಅವನ ಶೀಲಕ್ಕೆ ಒರೆಗಲ್ಲು. ಹನ್ನೆರಡನೆಯ ಶತಮಾನದ ಶರಣರು ಧರ್ಮದ ವಿಚಾರವನ್ನು ದುಡಿಮೆಯ ಎಡೆಗೆ, ಅಂಗಡಿಯ ಕಟ್ಟೆಗೆ, ದೋಣಿಯ ಅಂಚಿಗೆ ತಂದು ನಿಲ್ಲಿಸಿದುದರ ಅರ್ಥವೂ ಇದೇ ಆಗಿದೆ. ಅಂಥ ಎಡೆಗಳಲ್ಲಿ ಇಂದು ಎಲ್ಲರಿಗೂ ಪರಿಚಿತವಾದುದೊಂದು ಉಂಟು. ಅದು ಬೀದಿಯ ತಿರುವಿನಲ್ಲಿರುವ ಕಾಫಿ ಹೋಟೆಲು.

ಕಾಫಿ ಹೋಟೆಲಿನಲ್ಲಿ ಗಿರಾಕಿಗೆ ದೊರೆಯುವ ಉಪಚಾರವನ್ನು ಕುರಿತು ಒಂದು ಪ್ರಶ್ನೆ ಏಳುತ್ತದೆ. ಹಣ ಕೊಟ್ಟವನಿಗೆ ತೋರುವ ಆದರವು ನಿಜವಾದ ಆದರವೇ? ಅಥವಾ ಅದು ಹಾಲು, ಸಕ್ಕರೆ, ಡಿಕಾಕ್ಷನ್‌ಗಳಂತೆ ಬೆಲೆಯೊಳಗೆ ಸೇರಿದ ಇನ್ನೊಂದು ಸರಕು ಮಾತ್ರವೇ? ಸರಕು ಮಾತ್ರವೆಂದು ಒಪ್ಪಿದರೆ, ಹೆಚ್ಚು ಕೊಟ್ಟವನಿಗೆ ಹೆಚ್ಚು ಆದರ, ಕಡಿಮೆ ಕೊಟ್ಟವನಿಗೆ ಕಡಿಮೆ ಆದರ ಎಂಬ ನ್ಯಾಯವನ್ನೂ ಒಪ್ಪಬೇಕಾಗುತ್ತದೆ. ಅಲ್ಲವೆಂದರೆ, ಲಾಭಕ್ಕಾಗಿಯೇ ತೆರೆದ ಅಂಗಡಿಯಲ್ಲಿ ಲಾಭಕ್ಕೆ ಸಂಬಂಧಿಸದ ಸದ್ಗುಣವು ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕಾಗುತ್ತದೆ.

ವಿಷಯವು ಸ್ಪಷ್ಟವಾಗಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಒಂದು ದರ್ಶಿನಿ. ಬೆಳಗಿನ ಏಳು ಗಂಟೆಯ ಸಮಯ. ನಡಿಗೆ ಮುಗಿಸಿ ಬಂದ ನಿವೃತ್ತ ಅಧಿಕಾರಿಗಳು ನಾಲ್ವರು ಗಲ್ಲಾದಲ್ಲಿ ಹಣ ತೆತ್ತು, ಚೀಟಿ ಪಡೆದು, ಕಟ್ಟೆಯ ಮುಂದೆ ನಿಂತಿದ್ದಾರೆ. “ಸ್ವಾಮಿ, ಸ್ಟ್ರಾಂಗೋ ಲೈಟೋ?” ಎಂದು ಕಾಫಿ ಬೆರೆಸುವವನು ನಗುಮುಖದಿಂದ ಕೇಳುತ್ತಾನೆ, ಸ್ಟೀಲಿನ ಲೋಟಗಳಲ್ಲಿ ನೊರೆಯೇಳುವಂತೆ ಕಾಫಿ ಸುರಿದು ಕೊಡುತ್ತಾನೆ. ಅವರ ಹಿಂದೆ ಮುದುಕರಿಬ್ಬರು. ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಳ್ಳುವ ಬೈಟು ಗಿರಾಕಿಗಳು. ಅವರಿಗೆ ನಗು ಸ್ವಲ್ಪ ಕಡಿಮೆ. ಕೊನೆಗೆ, ನಸುಕಿನಿಂದಲೇ ಬೀದಿ ಗುಡಿಸಿ ಬಂದ ಪೌರಕಾರ್ಮಿಕ ಹೆಂಗಸೊಬ್ಬಳು ಪೊರಕೆಯನ್ನು ಗೋಡೆಗೆ ಒರಗಿಸಿ, ಅವರಷ್ಟೇ ಹಣವನ್ನು ಗಲ್ಲಾದ ಮೇಲಿಡುತ್ತಾಳೆ. ಅವಳನ್ನು ಯಾರೂ ಬೈಯುವುದಿಲ್ಲ, ಹೊರಗೆ ಹೋಗೆನ್ನುವುದೂ ಇಲ್ಲ. ಆದರೆ ಅವಳು ಕೇಳದಿದ್ದರೂ ಅವಳ ಕಾಫಿ ಮಾತ್ರ ಕಾಗದದ ಲೋಟದಲ್ಲಿ ಬರುತ್ತದೆ. ಅವಳು ಅದನ್ನು ತೆಗೆದುಕೊಂಡು ಮೆಟ್ಟಿಲಿಳಿದು, ಮರದ ಬುಡದಲ್ಲಿ ನಿಂತು ಕುಡಿಯುತ್ತಾಳೆ.

ಇಲ್ಲಿ ನಡೆದುದೇನು? ವ್ಯಾಪಾರದ ದೃಷ್ಟಿಯಿಂದ ಯಾವ ಲೋಪವೂ ಇಲ್ಲ. ಕಾಫಿಯ ಅಳತೆ ಸರಿಯಾಗಿದೆ. ಚಿಲ್ಲರೆ ಸರಿಯಾಗಿ ಹಿಂದಿರುಗಿದೆ. ಒರಟು ಮಾತೊಂದೂ ಬಂದಿಲ್ಲ. ಕಾಗದದ ಲೋಟವಾದರೂ ತನ್ನಷ್ಟಕ್ಕೆ ನಿರ್ದೋಷಿ. ಅವಸರದಲ್ಲಿರುವವರು ತಾವಾಗಿಯೇ ಅದನ್ನು ಕೇಳಿ ಪಡೆಯುವುದುಂಟು. ಆದರೆ ಒಬ್ಬಳ ಉಡುಪನ್ನೂ ಕೈಯ ಪೊರಕೆಯನ್ನೂ ನೋಡಿ, ಅವಳ ಇಚ್ಛೆಯನ್ನು ಕೇಳದೆ ಅದನ್ನು ಕೊಟ್ಟಾಗ ಲೋಟವು ತೀರ್ಪಾಗುತ್ತದೆ. ಹಳ್ಳಿಯ ಚಹದಂಗಡಿಗಳಲ್ಲಿ ದಲಿತರಿಗಾಗಿ ಬೇರೆ ಲೋಟವನ್ನು ಮಾಡಿನಲ್ಲಿ ಸಿಕ್ಕಿಸಿಡುತ್ತಿದ್ದ ಪದ್ಧತಿಯನ್ನು ನಾಡು ಬಲ್ಲದು. ಆ ಲೋಟವನ್ನು ಕುಡಿದವನೇ ತೊಳೆದಿಡಬೇಕಾಗಿತ್ತು. ಕಾಗದದ ಲೋಟಕ್ಕೆ ತೊಳೆಯುವ ಕಷ್ಟವೂ ಇಲ್ಲ. ಆದುದರಿಂದ ಹಳೆಯ ಭೇದವು ಹೊಸ ಶುಚಿತ್ವದ ವೇಷದಲ್ಲಿ, ನಗುನಗುತ್ತಲೇ ಒಳನುಸುಳಬಲ್ಲುದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಾಗಕೂಡದೆಂದು ವಿಧಿಸಿತು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ನಿಷೇಧಿಸಿತು. 1955ರ ಶಾಸನವು ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಹೋಟೆಲುಗಳಲ್ಲಿ ಸಾರ್ವಜನಿಕರ ಬಳಕೆಗೆಂದು ಇಟ್ಟ ಪಾತ್ರೆಗಳನ್ನು ಬಳಸಲು ಬಿಡದಿರುವುದೂ ಅದರಲ್ಲಿ ಸೇರಿದೆ. ಆದರೆ ಕಾನೂನು ಬಾಗಿಲನ್ನು ತೆರೆಸಬಲ್ಲುದು, ಲೋಟವನ್ನು ಕೊಡಿಸಬಲ್ಲುದು. ಲೋಟ ಕೊಡುವ ಕೈಯ ಹಿಂದಿರುವ ಮನಸ್ಸನ್ನು ತಿದ್ದಲಾರದು. ನೀತಿವಿಚಾರದ ಕೆಲಸವು ಆರಂಭವಾಗುವುದು ಅಲ್ಲಿಂದ.

ಮೇಲಿನ ದೃಷ್ಟಾಂತದಿಂದ ಹೊರಡುವ ತತ್ತ್ವವಿಷ್ಟೆ. ಹೋಟೆಲಿನಲ್ಲಿ ಗಿರಾಕಿಗೆ ಸಲ್ಲತಕ್ಕುದು ಎರಡು ಬಗೆ. ಒಂದು, ಹಣಕ್ಕೆ ಪ್ರತಿಯಾಗಿ ಸಲ್ಲುವುದು: ಒಳ್ಳೆಯ ಪದಾರ್ಥ, ಸರಿಯಾದ ಅಳತೆ, ಶುಚಿ, ವೇಳೆಗೆ ಸರಿಯಾದ ಪೂರೈಕೆ. ಇನ್ನೊಂದು, ಮನುಷ್ಯನೆಂಬ ಕಾರಣಕ್ಕೆ ಸಲ್ಲುವುದು, ಅದೇ ಮರ್ಯಾದೆ. ಮೊದಲನೆಯದಕ್ಕೆ ಬೆಲೆಯುಂಟು, ಎರಡನೆಯದನ್ನು ಮಾರುವ ಅಧಿಕಾರವು ಯಾವ ಮಾಲೀಕನಿಗೂ ಇಲ್ಲ, ಏಕೆಂದರೆ ಅದು ಅವನ ಸೊತ್ತೇ ಅಲ್ಲ. ನಾಲ್ವರು ಅಧಿಕಾರಿಗಳಿಗೂ ಗುಡಿಸುವವಳಿಗೂ ಅದು ಹುಟ್ಟಿನಿಂದಲೇ ಸಂದಿದೆ.

ಮೊದಲನೆಯ ಬಗೆಯನ್ನು ಹಗುರವಾಗಿ ಕಾಣಬಾರದು. ಪದಾರ್ಥದಲ್ಲಿ ಮೋಸವಿಟ್ಟು ಮಾತಿನಲ್ಲಿ ಜೇನು ಸುರಿಸುವುದು ಉಪಚಾರವಲ್ಲ. ಕಾಫಿಪುಡಿಗೆ ಚಿಕೋರಿ ಬೆರೆಸುವುದು ಕನ್ನಡನಾಡಿನಲ್ಲಿ ರೂಢಿಯಾದ ರುಚಿ, ಅದು ತಪ್ಪಲ್ಲ. ಹಾಗೆ ಬೆರೆಸಿ ಮಾರುವ ಪುಡಿಯಲ್ಲಿ ಕಾಫಿಯು ನೂರಕ್ಕೆ 51 ಭಾಗಕ್ಕಿಂತ ಕಡಿಮೆಯಿರಬಾರದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ತಿಳಿಸಬೇಕೆಂದೂ ನಿಯಮವಿದೆ. ತಿಳಿಸಿ ಬೆರೆಸಿದರೆ ಅದು ವ್ಯಾಪಾರ, ಮರೆಮಾಚಿ ಬೆರೆಸಿದರೆ ಕಳವು. ಹಿಂಡಿದ ಪುಡಿಗೆ ಮತ್ತೆ ಮತ್ತೆ ನೀರು ಹೊಯ್ದು ತೆಗೆದ ತೆಳು ಡಿಕಾಕ್ಷನ್ನನ್ನು ಮೊದಲ ಡಿಕಾಕ್ಷನ್ನೆಂದು ಕೊಡುವವನು, ಎಷ್ಟೇ ಬಾಗಿ ಕೈಮುಗಿದರೂ, ಗಿರಾಕಿಯನ್ನು ಅವಮಾನಿಸಿದಂತೆಯೇ ಸರಿ.

ಈ ಸಂಬಂಧದಲ್ಲಿ ಬೆಂಗಳೂರಿನ ಮಾವಳ್ಳಿ ಟಿಫನ್ ರೂಮಿನ ಇತಿಹಾಸದ ಒಂದು ಪ್ರಸಂಗವು ಸ್ಮರಣಾರ್ಹವಾದುದು. 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಿಂದ ಆರಂಭವಾಗಿ, ಮುಂದೆ ಬಡಾವಣೆಯ ಹೆಸರನ್ನು ಪಡೆದ ಸಂಸ್ಥೆ ಅದು. 1975ರ ತುರ್ತುಪರಿಸ್ಥಿತಿಯ ದಿನಗಳಲ್ಲಿ ಸರಕಾರವು ತಿಂಡಿತೀರ್ಥಗಳ ಬೆಲೆಯನ್ನು ಬಹಳವಾಗಿ ಇಳಿಸಿ ಗೊತ್ತುಮಾಡಿದಾಗ, ಅಲ್ಲಿ ಪದಾರ್ಥದ ಗುಣವನ್ನು ಇಳಿಸಲಿಲ್ಲ. ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಜನರ ಮುಂದಿಟ್ಟರು. ಕಡೆಗೆ ಕೆಲವು ಕಾಲ ಬಾಗಿಲು ಮುಚ್ಚಬೇಕಾಯಿತು. ಆಗ ನೌಕರರಿಗೆ ಕೆಲಸ ತಪ್ಪದಂತೆ ಪುಡಿಗಳನ್ನೂ ಸಿದ್ಧ ತಿಂಡಿಯ ಹಿಟ್ಟುಗಳನ್ನೂ ತಯಾರಿಸುವ ಉದ್ಯಮಕ್ಕೆ ಕೈಯಿಟ್ಟರು. ಆಗ ಬೆಲೆಯ ವಿಧಿಯ ಸರಿತಪ್ಪುಗಳೇನೇ ಇರಲಿ, ಗಿರಾಕಿಗೂ ನೌಕರನಿಗೂ ಸಲ್ಲಬೇಕಾದುದು ಸಂಕಟದಲ್ಲಿಯೂ ಸಲ್ಲಬೇಕೆಂಬ ನಿಷ್ಠೆಯು ಆ ನಡೆಯಲ್ಲಿ ಕಾಣುತ್ತದೆ. ಕಾಯಕವೆಂಬ ಮಾತಿಗೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನ ದೊರೆಯುವುದು ಕಷ್ಟ.

ಇನ್ನು ಎರಡನೆಯ ಬಗೆ. ಮರ್ಯಾದೆಯು ಮನುಷ್ಯನೆಂಬ ಕಾರಣಕ್ಕೆ ಸಲ್ಲುವುದಾದರೆ, ಅದು ಕಟ್ಟೆಯ ಈಚೆಗೆ ನಿಂತವನಿಗೆ ಮಾತ್ರವೇ? ಕಟ್ಟೆಯ ಆಚೆಗೆ ನಿಂತವನು ಮನುಷ್ಯನಲ್ಲವೇ? ಗಿರಾಕಿಯ ಉಪಚಾರವನ್ನು ಕುರಿತು ಹೇಳುವವರು ಸಾಮಾನ್ಯವಾಗಿ ಮರೆಯುವ ಅಂಶವಿದು. ಕನ್ನಡದ ಹೋಟೆಲುಗಳಲ್ಲಿ ಬಡಿಸುವ ಹುಡುಗನಿಗೆ ಮಾಣಿಯೆಂದು ಹೆಸರು. ಮನೆಯಲ್ಲಿ ಪ್ರೀತಿಯಿಂದ ಕರೆಯುತ್ತಿದ್ದ ಆ ಹೆಸರು ಹೋಟೆಲಿನಲ್ಲಿ ಗದರಿಕೆಯ ಮಾತಾಯಿತು. ನರೆತ ತಲೆಯ ಬಡಿಸುವವನನ್ನೂ “ಏ ಮಾಣಿ, ಬಾರೋ ಇಲ್ಲಿ” ಎಂದು ಕೂಗುವವರುಂಟು. ಮನೆಯಲ್ಲಿ ಅತಿಥಿಯಾಗಿ ಹೋದರೆ ನೀರಿಗಾಗಿ ಕಾದು ಕುಳಿತುಕೊಳ್ಳುವ ಸಭ್ಯನು ಇಲ್ಲಿ ಚಿಟಿಕೆ ಹೊಡೆಯುತ್ತಾನೆ. ಕೆಲವೇ ರೂಪಾಯಿಗಳನ್ನು ತೆತ್ತು ತಾನು ಕೊಂಡುದು ಕಾಫಿಯನ್ನೇ ಹೊರತು ಕಾಫಿ ತಂದವನನ್ನಲ್ಲವೆಂಬುದು ಅವನ ನೆನಪಿಗೆ ಬಾರದು.

ಆ ಮಾಣಿಗಳಲ್ಲಿ ಬಹು ಮಂದಿ ಮಕ್ಕಳೇ ಆಗಿದ್ದ ಕಾಲವೂ ಒಂದಿತ್ತು. ಹದಿನಾಲ್ಕು ವರ್ಷ ತುಂಬದವರನ್ನು ಹೋಟೆಲುಗಳಲ್ಲಿ, ಚಹದಂಗಡಿಗಳಲ್ಲಿ ದುಡಿಸಕೂಡದೆಂಬ ನಿಷೇಧವು 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. 2016ರ ತಿದ್ದುಪಡಿಯಿಂದ ಆ ನಿಷೇಧವು, ಕೆಲವು ವಿನಾಯಿತಿಗಳನ್ನುಳಿದು, ಎಲ್ಲ ಕಸುಬುಗಳಿಗೂ ವ್ಯಾಪಿಸಿತು. ನಿದ್ದೆಗಣ್ಣಿನ ಬಾಲಕನೊಬ್ಬನು ಮೇಜನ್ನು ಒರೆಸಿ ಒದಗಿಸಿದ ಉಪಚಾರವನ್ನು ಸೊಗಸೆಂದು ಮೆಚ್ಚಿದ ತಲೆಮಾರುಗಳು ತಮ್ಮ ಮೆಚ್ಚುಗೆಯ ಬೆಲೆಯನ್ನು ಯಾರು ತೆತ್ತರೆಂದು ಕೇಳಿಕೊಳ್ಳಲಿಲ್ಲ. ಹೋಟೆಲಿನ ನಗುವನ್ನು ನೋಡುವವನು ಆ ನಗುವಿನ ಹಿಂದೆ ಎಷ್ಟು ಗಂಟೆಗಳ ನಿಲುವಿದೆ, ಎಷ್ಟು ಸಂಬಳವಿದೆ, ಮಾಲೀಕನ ಬಾಯಲ್ಲಿ ಎಂಥ ಸಂಬೋಧನೆಯಿದೆ ಎಂಬುದನ್ನೂ ನೋಡಬೇಕು. ನೌಕರನನ್ನು ಏಕವಚನದಲ್ಲಿ ಗದರುವ ಮಾಲೀಕನು ಅವನ ಬಾಯಿಂದ ಗಿರಾಕಿಗೆ ಬಹುವಚನವನ್ನು ಬಯಸುವುದು ಬೇವು ಬಿತ್ತಿ ಮಾವನ್ನು ಬಯಸಿದಂತೆ.

ಇದಕ್ಕೆ ಬೇರೊಂದು ದಾರಿಯೂ ಇದೆಯೆಂಬುದಕ್ಕೆ ಇಂಡಿಯನ್ ಕಾಫಿ ಹೌಸುಗಳೇ ಸಾಕ್ಷಿ. ಕಾಫಿ ಮಂಡಲಿಯು ನಡೆಸುತ್ತಿದ್ದ ಕಾಫಿ ಮನೆಗಳನ್ನು 1950ರ ದಶಕದಲ್ಲಿ ಮುಚ್ಚಹೊರಟಾಗ ಕೆಲಸಗಾರರು ಬೀದಿಗೆ ಬೀಳುವ ಸ್ಥಿತಿಯುಂಟಾಯಿತು. ಕೇರಳದ ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಅವರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅಂಥ ಮೊದಲ ಸಂಘವು 1957ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಅಲ್ಲಿ ಪೇಟ ಧರಿಸಿ ಕಾಫಿ ತಂದಿಡುವವನು ಆ ಸಂಘದ ಸದಸ್ಯನೂ ಹೌದು. ಗಿರಾಕಿಗೆ ಬಡಿಸುವುದರಿಂದ ಯಾರೂ ಸಣ್ಣವರಾಗುವುದಿಲ್ಲ. ಮಾತಿಗೆ ಬೆಲೆಯಿಲ್ಲದೆ, ಹಂಗಿನಲ್ಲಿ ಬಡಿಸಬೇಕಾದಾಗ ಮಾತ್ರ ಸಣ್ಣತನದ ನೋವು ಹುಟ್ಟುತ್ತದೆ.

ಇಲ್ಲಿ ವ್ಯಾಪಾರಿಯು ಆಕ್ಷೇಪವೊಂದನ್ನು ಎತ್ತಬಹುದು. “ಬೆಳಗಿನ ನೂಕುನುಗ್ಗಲಿನಲ್ಲಿ ಪ್ರತಿಯೊಬ್ಬನ ಯೋಗಕ್ಷೇಮವನ್ನು ವಿಚಾರಿಸುತ್ತ ನಿಲ್ಲಲಾದೀತೇ? ಇದು ಅಂಗಡಿ, ದಾಸೋಹದ ಮನೆಯಲ್ಲ” ಎಂಬುದು ಅವನ ಮಾತು. ಮಾತು ದಿಟ. ದಾಸೋಹವು ಪ್ರತಿಫಲವನ್ನು ಎಣಿಸದ ಅರ್ಪಣೆ. ಕಾಫಿಯ ಅಂಗಡಿಯು ಬಾಡಿಗೆ, ಹಾಲಿನ ಲೆಕ್ಕ, ಸಂಬಳಗಳನ್ನು ಎಣಿಸದೆ ನಡೆಯಲಾರದು. ಎರಡನ್ನೂ ಒಂದೆಂದು ಹೇಳಿ ವ್ಯಾಪಾರಕ್ಕೆ ಧರ್ಮದ ಬಣ್ಣ ಬಳಿಯುವುದು ಆತ್ಮವಂಚನೆ. ಆದರೆ ಮರ್ಯಾದೆಗೆ ಹೆಚ್ಚು ಹೊತ್ತು ಬೇಕೆಂಬುದು ತಪ್ಪು ಎಣಿಕೆ. ನೂಕುನುಗ್ಗಲಿನಲ್ಲಿ ಮರ್ಯಾದೆಯ ರೂಪವೇ ಸರದಿ. ಮೊದಲು ಬಂದವನ ಚೀಟಿಯನ್ನು ಮೊದಲು ತೆಗೆದುಕೊಳ್ಳುವುದು, ಪರಿಚಯದವನು ಹಿಂದಿನಿಂದ ಕೈಚಾಚಿದರೂ ಮುಂದಿನವನನ್ನು ದಾಟಿಸದಿರುವುದು, ಎಲ್ಲರಿಗೂ ಒಂದೇ ಬಗೆಯ ಲೋಟವನ್ನು ಕೊಡುವುದು, ಕಾಫಿ ಆರಿದೆಯೆಂದು ಹಿಂದಿರುಗಿಸಿದವನೊಡನೆ ವಾದಿಸದೆ ಬೇರೊಂದನ್ನು ಕೊಡುವುದು. ಇವುಗಳಲ್ಲಿ ಯಾವುದಕ್ಕೂ ಅರೆನಿಮಿಷಕ್ಕಿಂತ ಹೆಚ್ಚು ಬೇಡ. ಗಿರಾಕಿಯೂ ತನ್ನ ಪಾಲಿನ ಕರ್ತವ್ಯವನ್ನು ಅರಿತಿರಬೇಕು. ಮುಕ್ಕಾಲು ಕುಡಿದ ಮೇಲೆ ರುಚಿಯಿಲ್ಲವೆಂದು ದೂರುವವನೂ, ಜನ ಕಾದು ನಿಂತಿರುವಾಗ ಬರಿದಾದ ಲೋಟದ ಮುಂದೆ ಹರಟೆ ಹೊಡೆಯುವವನೂ ಮಾಲೀಕನಿಂದ ಧರ್ಮವನ್ನು ಕೇಳುವ ಅಧಿಕಾರವನ್ನು ಅಷ್ಟರಮಟ್ಟಿಗೆ ಕಳೆದುಕೊಂಡಿರುತ್ತಾರೆ.

ಉಪಚಾರವು ಸರಕೆಂದು ತಿಳಿದುದರ ಫಲವು ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿಯೂ ಕಾಣಿಸಿಕೊಂಡಿತು. ಪದಾರ್ಥದ ಬೆಲೆಯ ಮೇಲೆ ಸೇವಾಶುಲ್ಕವೆಂದು ಬೇರೆ ಮೊತ್ತವನ್ನು ತಾವಾಗಿಯೇ ಸೇರಿಸಿ ವಸೂಲು ಮಾಡುವ ರೂಢಿಯು ಬೆಳೆಯಿತು. ಹಾಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ನಿರ್ದೇಶಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಆ ನಿರ್ದೇಶವನ್ನು ಎತ್ತಿಹಿಡಿಯಿತು. ಮೆಚ್ಚಿ ಕೊಟ್ಟುದು ಪ್ರೀತಿ, ಕೇಳಿ ಕಿತ್ತುದು ಸುಂಕ. ಆಯ್ದಕ್ಕಿಯ ಮಾರಯ್ಯನು ಒಮ್ಮೆ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಒಲ್ಲದೆ ಹಿಂದಕ್ಕೆ ಸುರಿದು ಬರಲು ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಬಡವಳಾದ ಆಕೆಗೆ ಆ ಅಕ್ಕಿ ಬೇಡವಾದುದು ಅದು ಕಾಯಕಕ್ಕೆ ಮೀರಿದುದೆಂಬ ಕಾರಣದಿಂದ. ದುಡಿಮೆಗೆ ತಕ್ಕುದನ್ನು ಬಿಡಬಾರದು, ಮೀರಿದುದನ್ನು ಮುಟ್ಟಬಾರದು ಎಂಬ ಎರಡು ಅಂಚುಗಳ ನಡುವೆ ಕಾಯಕವು ಹರಿಯುತ್ತದೆ.

ಹೀಗೆ ವಿಚಾರಿಸಿದಾಗ ಆರಂಭದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಲಾಭವನ್ನು ಬಯಸಿ ತೋರಿದ ಆದರವು ಸುಳ್ಳೆಂದು ತಳ್ಳಿಬಿಡಬೇಕಾಗಿಲ್ಲ. ಆದರೆ ಅದು ನಿಜವೋ ಅಲ್ಲವೋ ಎಂಬುದು ಲಾಭವಿರುವ ಕಡೆಯಲ್ಲಿ ತಿಳಿಯುವುದಿಲ್ಲ. ಬೈಟು ಕಾಫಿಯ ಮುದುಕನ ಮುಂದೆ, ಪೊರಕೆ ಹಿಡಿದು ಬಂದವಳ ಮುಂದೆ, ಮೇಜೊರೆಸುವ ನೌಕರನ ಮುಂದೆ ಅದು ಉಳಿಯಿತೋ ಇಲ್ಲವೋ ಎಂಬುದೇ ಪರೀಕ್ಷೆ. ಅಲ್ಲಿ ಉಳಿದರೆ ನಾಲ್ವರು ಅಧಿಕಾರಿಗಳಿಗೆ ತೋರಿದ ನಗುವೂ ನಿಜವಾದುದೇ. ಅಲ್ಲಿ ಅಳಿದರೆ ಆ ನಗುವೂ ಗಲ್ಲಾಪೆಟ್ಟಿಗೆಯ ಕಡೆಗೆ ನಕ್ಕ ನಗುವೇ ಹೊರತು ಅವರನ್ನು ನೋಡಿ ನಕ್ಕುದಲ್ಲ.

ತಿದ್ದಿಕೊಳ್ಳುವುದು ಕಷ್ಟದ ಕೆಲಸವೇನೂ ಅಲ್ಲ. ನಾಳಿನ ಬೆಳಗ್ಗೆ ಆ ಹೆಂಗಸು ಮತ್ತೆ ಬರುತ್ತಾಳೆ. ಕಾಫಿ ಬೆರೆಸುವವನು ಕುದಿನೀರಿನಲ್ಲಿ ಅದ್ದಿ ತೆಗೆದ ಲೋಟಗಳ ಸಾಲಿನಿಂದ ಒಂದನ್ನೆತ್ತಿ, “ಅಮ್ಮ, ಸ್ಟ್ರಾಂಗೋ ಲೈಟೋ?” ಎಂದು ಕೇಳಿದರೆ ಸಾಕು. ಅವಳು ಮೆಟ್ಟಿಲಿಳಿಯದೆ, ಎಲ್ಲರ ನಡುವೆ ಕಟ್ಟೆಯ ಬಳಿಯೇ ನಿಂತು ಕುಡಿಯುತ್ತಾಳೆ. ಮಾಲೀಕನಿಗೆ ಒಂದು ಕಾಸೂ ನಷ್ಟವಿಲ್ಲ. ಅವಳು ಕುಡಿದಿಟ್ಟ ಲೋಟವು ಮತ್ತೆ ಕುದಿನೀರಿಗೆ ಹೋಗಿ, ಸಾಲಿಗೆ ಬಂದು, ಇನ್ನೊಬ್ಬರ ಕೈಸೇರುತ್ತದೆ. ತೊಳೆದ ಲೋಟಕ್ಕೆ ಹಿಂದೆ ಕುಡಿದವರ ಕುಲ ತಿಳಿಯದು. ಆ ಲೋಟದಷ್ಟು ಶುಚಿಯು ಮನಸ್ಸಿಗೂ ಬರುವುದಾದರೆ, ಬೀದಿಯ ತಿರುವಿನ ಕಾಫಿಯ ಕಟ್ಟೆಯೂ ಸದಾಚಾರವನ್ನು ಕಲಿಸುವ ಎಡೆಯಾಗುವುದರಲ್ಲಿ ಸಂದೇಹವಿಲ್ಲ.