ಯಾರ ಹೊರೆ ಹಗುರಾಯಿತು?



ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ತಾಳವಾಡಿಗೆ ಬರುವ ಬಸ್ಸುಗಳಲ್ಲಿ ಈಗ ನಮ್ಮ ಕಾಲೇಜು ಮಕ್ಕಳೇ ತುಂಬಿದ್ದಾರೆ. ಸತ್ಯಮಂಗಲ, ಗೋಬಿ, ಕೊಯಮತ್ತೂರಿನ ಹಾಸ್ಟೆಲುಗಳಿಂದ ಒಬ್ಬೊಬ್ಬರಾಗಿ ಬ್ಯಾಗು ಹೊತ್ತು ಇಳಿಯುತ್ತಿದ್ದಾರೆ. ಚಾಮರಾಜನಗರ, ಮೈಸೂರಿನಲ್ಲಿ ಓದುವವರು ಅತ್ತ ಕಡೆಯಿಂದ ಬರುತ್ತಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಸಾಲುಗಳು ತುಂಬಿವೆ. ನೋಡಿದರೆ ಮನಸ್ಸು ತುಂಬುತ್ತದೆ.

ಮೊನ್ನೆ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಇಬ್ಬರು ತಾಯಂದಿರ ಮಾತು ನಮ್ಮ ಕಿವಿಗೆ ಬಿತ್ತು. “ಬಂದು ಹತ್ತು ದಿವ್ಸ ಆಯ್ತು ಕನಕ್ಕ, ಫೋನ್ ಬುಟ್ಟು ತಲೆ ಎತ್ತಿಲ್ಲ ನಮ್ಮುಡ್ಗ” ಎಂದು ಒಬ್ಬರು ಹೇಳಿದರು. “ನಿಮ್ಮವ್ನು ಮನೇಲಾದ್ರೂ ಅವ್ನೆ. ನಮ್ಮವ್ನು ಪರೀಕ್ಷೆ ಮುಗುದ್ ಮಾರ್ನೆ ದಿನಾನೇ ತಿರುಪ್ಪೂರಿಗೆ ಹೊಂಟೋದ, ಬನಿಯನ್ ಕಂಪ್ನಿಗೆ. ಮುಂದಿನ ಫೀಸು ಅಲ್ಲೇ ಹುಟ್ಬೇಕು” ಎಂದು ಇನ್ನೊಬ್ಬರು ನಿಟ್ಟುಸಿರು ಬಿಟ್ಟರು.

ರಜೆಯ ಸದುಪಯೋಗ ಎಂದರೆ ಏನು ಎಂಬ ಪ್ರಶ್ನೆ ಆ ಎರಡು ಮಾತುಗಳ ನಡುವೆ ನಿಂತಿದೆ. ಕಾಲೇಜಿನವರನ್ನು ಕೇಳಿದರೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಅಪ್ಪನನ್ನು ಕೇಳಿದರೆ ಕೋಸಿನ ಹೊಲ ತೋರಿಸುತ್ತಾರೆ. ಮಗನನ್ನು ಕೇಳಿದರೆ “ಸುಸ್ತಾಗಿದೀನಿ, ಬುಡಿ” ಎನ್ನುತ್ತಾನೆ. ಮೂವರ ಮಾತಿನಲ್ಲೂ ನ್ಯಾಯವಿದೆ. ಹಾಗಾದರೆ ಯಾವ ತಕ್ಕಡಿಯಲ್ಲಿ ತೂಗುವುದು?

ಸಂತ ಪೌಲರು ಗಲಾತ್ಯದ ಸಭೆಗೆ ಬರೆದ ಪತ್ರದಲ್ಲಿ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕೆಂದು ಬೋಧಿಸಿದ್ದಾರೆ. ಆ ಮಾತನ್ನೇ ತಕ್ಕಡಿಯಾಗಿ ಹಿಡಿಯೋಣ. ಈ ರಜೆಯಿಂದ ಯಾರ ಹೊರೆ ಹಗುರಾಯಿತು?

ಮೊದಲು ವಿಶ್ರಾಂತಿಯ ಮಾತು. ದಣಿದವನು ಮಲಗುವುದು ಪಾಪವಲ್ಲ. ಸೇವೆ ಮುಗಿಸಿ ಬಂದ ಪ್ರೇಷಿತರನ್ನು ಪ್ರಭು ಯೇಸು ತಾವೇ ಏಕಾಂತ ಸ್ಥಳಕ್ಕೆ ಕರೆದು, ಸ್ವಲ್ಪ ಹೊತ್ತು ವಿಶ್ರಮಿಸಿಕೊಳ್ಳಲು ಹೇಳಿದರೆಂದು ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ರಾತ್ರಿಯೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಪರೀಕ್ಷೆ ಬರೆದ ಮಗು ನಾಲ್ಕು ದಿನ ನೆಮ್ಮದಿಯಾಗಿ ನಿದ್ದೆ ಮಾಡಲಿ. ಆದರೆ ಸಬ್ಬತ್ತಿನ ಆಜ್ಞೆಯನ್ನು ಧರ್ಮೋಪದೇಶಕಾಂಡದಲ್ಲಿ ಪೂರ್ತಿ ಓದಿ ನೋಡಿ. ಅಲ್ಲಿ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರ ಮೀಸಲಾಗಿಲ್ಲ. ಮಗ, ಮಗಳು, ಆಳುಕಾಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರಿಗೂ ಅದೇ ದಿನ ಬಿಡುವು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಅಮ್ಮ ಹೊಲದಲ್ಲಿ ಕಳೆ ಕಿತ್ತು ಬಂದು, ನೀರು ಹಿಡಿದು, ಮುದ್ದೆಗೆ ಎಸರಿಡುತ್ತಾಳೆ. ಮಗಳು ಸಹ ಹಾಸ್ಟೆಲಿನಿಂದ ಬಂದವಳೇ, ಅವಳೂ ಪರೀಕ್ಷೆ ಬರೆದವಳೇ. ಆದರೂ ಅವಳ ಕೈಯಲ್ಲಿ ಪಾತ್ರೆ, ಅಣ್ಣನ ಕೈಯಲ್ಲಿ ಫೋನು. ಒಬ್ಬರ ಬಿಡುವು ಇನ್ನೊಬ್ಬರ ಬೆನ್ನಿನ ಮೇಲೆ ಕೂತರೆ ಅದನ್ನು ದೇವರು ಕೊಟ್ಟ ವಿಶ್ರಾಂತಿ ಎನ್ನಲಾಗದು. ಗಂಡುಮಕ್ಕಳು ತಾವು ಉಂಡ ತಟ್ಟೆ ತೊಳೆದು, ಎರಡು ಕೊಡ ನೀರು ತಂದರೆ ಅಮ್ಮನಿಗೂ ತಂಗಿಗೂ ಅರ್ಧ ಗಂಟೆ ಸಬ್ಬತ್ತು ಸಿಗುತ್ತದೆ.

ಇನ್ನು ತಿರುಪ್ಪೂರಿಗೆ ಹೋದ ಹುಡುಗನ ಮಾತು. ಸಹಪಾಠಿಗಳು ದೊಡ್ಡ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವಾಗ ತಾನು ಬನಿಯನ್ ಮಡಚುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಗಬಹುದು. ನಾಚಬೇಕಾಗಿಲ್ಲ. ರಜೆಯ ನಡುವೆಯೇ, ಮೇ 1ರಂದು, ಧರ್ಮಸಭೆ ಕಾರ್ಮಿಕ ಸಂತ ಜೋಸೆಫರ ಹಬ್ಬ ಆಚರಿಸುತ್ತದೆ. ವಿಶ್ವಗುರು ಹನ್ನೆರಡನೆಯ ಪಿಯುಸರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿಗೆ ಕೈಗೆ ಕಟ್ಟಿದ ಬೊಬ್ಬೆ ಗೊತ್ತು. ಅಪ್ಪನ ಸಾಲಕ್ಕೆ ಇನ್ನೊಂದು ಸಾಲ ಸೇರದಂತೆ ದುಡಿಯುವ ಮಗ ಹೊರೆ ಹೊತ್ತವನೇ. ಆದರೆ ಹೋಗುವ ಮೊದಲು ಕೂಲಿ ಎಷ್ಟು, ದಿನಕ್ಕೆ ಎಷ್ಟು ಗಂಟೆ ಕೆಲಸ, ಉಳಿಯುವ ಜಾಗ ಹೇಗಿದೆ ಎಂದು ಕೇಳಿ ತಿಳಿದುಕೊಳ್ಳಲಿ. ತಂದೆತಾಯಂದಿರೂ ಕೈಗೆ ಬಂದ ದುಡ್ಡಿನ ರುಚಿಗೆ ಅವನ ಓದು ನಿಲ್ಲಿಸದಿರಲಿ.

ಹೊಸದಾಗಿ ಏನಾದರೂ ಕಲಿಯುವುದೂ ಒಳ್ಳೆಯದೇ. ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಕಾಲೇಜು ಮಟ್ಟದ ಪಾಠಗಳನ್ನು ಉಚಿತವಾಗಿ ಕೇಳಬಹುದು, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಬೇಕು. ಗೋಡೆಗೆ ತೂಗುಹಾಕಲೆಂದೇ ಸಾವಿರಾರು ರೂಪಾಯಿ ಕೊಟ್ಟು ಕಾಗದ ಕೊಳ್ಳುವ ಮೊದಲು ಇದನ್ನು ನೋಡಿರಿ.

ಆದರೆ ಊರಿಗೆ ಬಂದ ಮಕ್ಕಳ ಕೈಯಲ್ಲಿ ಈಗಾಗಲೇ ಒಂದು ವಿದ್ಯೆ ಇದೆ. ಅದನ್ನು ಅವರು ವಿದ್ಯೆ ಎಂದೇ ಎಣಿಸಿಲ್ಲ. ನಮ್ಮ ಹಿರಿಯರು ಕಲಿತದ್ದು ಕನ್ನಡ ಅಕ್ಷರ. ಅವರ ಜಮೀನಿನ ಪಟ್ಟಾ, ಚಿಟ್ಟಾ, ಕಚೇರಿಯಿಂದ ಬರುವ ಕಾಗದ ಎಲ್ಲವೂ ತಮಿಳಿನಲ್ಲಿ. ಎಪ್ಪತ್ತು ವರ್ಷದ ಅಜ್ಜ ತನ್ನದೇ ಹೊಲದ ಕಾಗದವನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕು. ಓದಿ ಹೇಳಿದವರು ಸತ್ಯವನ್ನೇ ಹೇಳಿದರೆಂದು ನಂಬಬೇಕು. ಎರಡೂ ಭಾಷೆ ಬಲ್ಲ ಮೊಮ್ಮಗಳು ಪಕ್ಕದಲ್ಲಿ ಕೂತು ಸಾಲುಸಾಲಾಗಿ ಓದಿ ಹೇಳಿದರೆ, ಇ-ಸೇವಾ ಕೇಂದ್ರಕ್ಕೆ ಜೊತೆಯಲ್ಲಿ ಹೋದರೆ, ಆ ಅಜ್ಜನ ಎಷ್ಟು ದಿನದ ಭಯ ಕಳೆಯುತ್ತದೆ!

ಪ್ಲಸ್ ಟು ಫಲಿತಾಂಶ ಬರುವುದೂ ರಜೆಯ ಈ ದಿನಗಳಲ್ಲೇ. ಯಾವ ಕಾಲೇಜಿಗೆ ಅರ್ಜಿ ಹಾಕಬೇಕು, ಮನೆಯ ಮೊದಲ ಪದವೀಧರರಿಗೆ ಸಿಗುವ ಪ್ರಮಾಣಪತ್ರ ಪಡೆಯುವುದು ಹೇಗೆ ಎಂದು ಅನೇಕ ಮನೆಗಳಲ್ಲಿ ತಿಳಿಯದು. ಸರ್ಕಾರಿ ಶಾಲೆಯಲ್ಲಿ 6ರಿಂದ 12ನೇ ತರಗತಿಯವರೆಗೆ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ‘ಪುದುಮೈ ಪೆಣ್’ ಯೋಜನೆಯನ್ನು ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿತು. 2024ರಲ್ಲಿ ಗಂಡುಮಕ್ಕಳಿಗೂ ಅಂಥದೇ ಯೋಜನೆ ಬಂತು. ಈ ದಾರಿಯಲ್ಲಿ ಒಮ್ಮೆ ನಡೆದವರು ಹಿಂದೆ ಬರುವವರ ಕೈ ಹಿಡಿಯಬೇಕು.

ಮತ್ತೊಂದು ಚಿಂತೆ ನಮ್ಮನ್ನು ಕಾಡುತ್ತಿದೆ. ಮನೆಯಲ್ಲಿ ಕನ್ನಡ ಆಡುವ ಚಿಕ್ಕಮಕ್ಕಳಲ್ಲಿ ಕನ್ನಡ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇನ್ನು ಹತ್ತು ವರ್ಷಕ್ಕೆ ಬಲಿಪೂಜೆಯಲ್ಲಿ ವಾಚನ ಓದುವವರು ಯಾರು? ಭಾನುವಾರ ಜ್ಞಾನೋಪದೇಶ ಮುಗಿದ ಮೇಲೆ ಒಂದು ಗಂಟೆ ಅಕ್ಷರ ತಿದ್ದಿಸಿದರೆ ರಜೆ ಮುಗಿಯುವುದರೊಳಗೆ ಒಂದು ಮಗುವಾದರೂ ಸ್ತುತಿಗೀತೆಯ ಪುಸ್ತಕವನ್ನು ತಾನೇ ತೆರೆದು ಹಾಡೀತು.

ಇವು ಸಣ್ಣ ಕೆಲಸ ಎನಿಸಬಹುದು. 1833ರಲ್ಲಿ ಪ್ಯಾರಿಸಿನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಝನಾಂ ಕೆಲವು ಗೆಳೆಯರೊಡನೆ ಬಡವರ ಮನೆಗಳಿಗೆ ಹೋಗತೊಡಗಿದ್ದೂ ಸಣ್ಣದಾಗಿಯೇ. ಇಂದು ಲೋಕವೆಲ್ಲ ಹರಡಿರುವ ಸಂತ ವಿನ್ಸೆಂಟ್ ದೇ ಪೌಲ್ ಸಭೆ ಹುಟ್ಟಿದ್ದು ಅಲ್ಲಿಂದ. ಅದೇ ಸಭೆಯಲ್ಲಿ ಸೇವೆ ಮಾಡಿದ ಇಟಲಿಯ ಇಂಜಿನಿಯರಿಂಗ್ ವಿದ್ಯಾರ್ಥಿ ಪಿಯೆರ್ ಜಾರ್ಜೋ ಫ್ರಸ್ಸಾತಿ 24ನೇ ವಯಸ್ಸಿನಲ್ಲಿ ತೀರಿಕೊಂಡರು. 2025ರ ಸೆಪ್ಟೆಂಬರ್ 7ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. ಗೆಳೆಯರ ಜೊತೆ ಬೆಟ್ಟ ಹತ್ತುವುದೆಂದರೆ ಅವರಿಗೆ ಪ್ರಾಣ. ನಗು, ಆಟ, ಬೆಟ್ಟ, ಬಡವರ ಮನೆ ಎಲ್ಲವೂ ಒಂದೇ ಬಾಳಿನಲ್ಲಿ ಸೇರಿದ್ದವು.

ಹಿರಿಯರಾದ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಕ್ಕಳು ಅಂಗಳದಲ್ಲಿ ಸಿಕ್ಕಾಗ “ಎಷ್ಟು ಮಾರ್ಕ್ಸು?” ಎಂದು ಕೇಳಿದೆವು. ಹಬ್ಬ ಬಂದಾಗ ಬೆಂಚು ಹೊರಲು ಕರೆದೆವು. ಅದರಾಚೆ ಅವರಿಗೆ ಯಾವ ಜವಾಬ್ದಾರಿಯನ್ನೂ ನಾವು ಕೊಡಲಿಲ್ಲ. ಈ ಲೇಖನವನ್ನು ಬೆತ್ತ ಮಾಡಿಕೊಂಡು ಯಾರೂ ಮಕ್ಕಳ ಮೇಲೆ ಬೀಸಬೇಡಿ. ಮಗ ಮನೆಗೆ ಬಂದದ್ದೇ ಒಂದು ವರ. ಪ್ರಭು ಯೇಸು ಮೂರು ವರ್ಷ ಬೋಧಿಸುವ ಮುನ್ನ ಸುಮಾರು ಮೂವತ್ತು ವರ್ಷ ನಜರೇತಿನ ಮನೆಯಲ್ಲೇ ಇದ್ದರು. ಆ ವರ್ಷಗಳ ದಿನಚರಿಯನ್ನು ಯಾರೂ ಬರೆದಿಡಲಿಲ್ಲ. ಅಜ್ಜಿಯ ಮಂಚದ ಬಳಿ ಕೂತು, ಅವರು ಹತ್ತು ಸಲ ಹೇಳಿದ ಕಥೆಯನ್ನು ಹನ್ನೊಂದನೆಯ ಸಲ ಕೇಳಿದ ಸಂಜೆಯೂ ಯಾವ ಬಯೋಡೇಟಾದಲ್ಲಿ ಬಾರದು. ಆದರೆ ಅಜ್ಜಿಯ ಎದೆ ಹಗುರಾಗಿರುತ್ತದೆ.

ಪ್ರಿಯ ಮಕ್ಕಳೇ, ಕಾಲೇಜು ತೆರೆಯುವ ಹಿಂದಿನ ರಾತ್ರಿ ಬ್ಯಾಗು ತುಂಬುವಾಗ ಒಂದು ಕ್ಷಣ ಕೂತು ಕೇಳಿಕೊಳ್ಳಿ: ನಾನು ಬಂದದ್ದರಿಂದ ಯಾರ ಹೊರೆ ಹಗುರಾಯಿತು? ಒಂದೇ ಒಂದು ಹೆಸರು ನೆನಪಿಗೆ ಬಂದರೂ ಸಾಕು, ನಿಮ್ಮ ರಜೆ ಸಾರ್ಥಕ. ಹೊರೆ ಹೊತ್ತವರೆಲ್ಲರನ್ನೂ ತಮ್ಮ ಬಳಿಗೆ ಕರೆದ ಪ್ರಭು ನಿಮ್ಮ ಜೊತೆಗಿರಲಿ. ಈ ಮೇ ತಿಂಗಳ ರಾಣಿ, ಮಾತೆ ಮರಿಯ, ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.