ಇಂದಿನ ಧಮ್ಮ ಚಿಂತನೆ: ಕಾನೂನು ಬಿಟ್ಟರೂ ಬಿಡದ ಹೊಣೆ

 

ಇಂದಿನ ಪ್ರಶ್ನೆ ಇದು: ಶಿಕ್ಷಿಸುವ ಅಧಿಕಾರ ಯಾರಿಗೂ ಇಲ್ಲದಿದ್ದರೆ, ಮಾಡಿದ ತಪ್ಪಿನ ಹೊಣೆಯೂ ಇಲ್ಲವಾಗುತ್ತದೆಯೇ?

2019ರ ಆಗಸ್ಟ್ 27. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ ಅಮೆರಿಕದವರು ಬಳಸುವ ಕ್ರೌಟನ್ ವಾಯುನೆಲೆಯ ಹೊರಗಿನ ರಸ್ತೆ. ಬೈಕಿನಲ್ಲಿ ಬರುತ್ತಿದ್ದ 19 ವರ್ಷದ ಹುಡುಗನಿಗೆ ಎದುರಿನಿಂದ ಬಂದ ಕಾರು ಡಿಕ್ಕಿ ಹೊಡೆಯಿತು. ಹುಡುಗ ಉಳಿಯಲಿಲ್ಲ. ಕಾರು ಓಡಿಸುತ್ತಿದ್ದವರು ಆ ನೆಲೆಯ ಅಮೆರಿಕನ್ ನೌಕರರೊಬ್ಬರ ಪತ್ನಿ. ಬ್ರಿಟನ್ನಿಗೆ ಬಂದು ಕೆಲವೇ ವಾರಗಳಾಗಿದ್ದವು. ಅಲ್ಲಿ ನಮ್ಮಂತೆಯೇ ಎಡಗಡೆ ಹೋಗಬೇಕು, ಅಮೆರಿಕದಲ್ಲಿ ಬಲಗಡೆ. ಅವರು ಬಲಗಡೆಯೇ ಓಡಿಸಿದ್ದರು. ತಪ್ಪು ತನ್ನದೆಂದು ಪೊಲೀಸರಿಗೆ ಹೇಳಿದ್ದರು ಕೂಡ. ಆದರೆ ಮೂರು ವಾರ ತುಂಬುವ ಮೊದಲೇ ಕುಟುಂಬ ಸಮೇತ ಅಮೆರಿಕಕ್ಕೆ ಹೊರಟುಹೋದರು. ಅವರಿಗೆ ರಾಜತಾಂತ್ರಿಕ ವಿನಾಯಿತಿ ಇತ್ತು. ಅದನ್ನು ಬಿಟ್ಟುಕೊಡಿ ಎಂದು ಬ್ರಿಟನ್ ಕೇಳಿತು, ಅಮೆರಿಕ ಒಪ್ಪಲಿಲ್ಲ. ಆರೋಪಪಟ್ಟಿ ಆದ ಮೇಲೆ ಹಸ್ತಾಂತರ ಕೋರಿದಾಗಲೂ ಒಪ್ಪಲಿಲ್ಲ.

ಧಮ್ಮದ ಕಣ್ಣಿನಿಂದ ಇದನ್ನು ಹೇಗೆ ನೋಡಬೇಕು?

ಮೊದಲು ಆಕೆಗೆ ನ್ಯಾಯ ಸಲ್ಲಿಸೋಣ. ಕಮ್ಮಕ್ಕೆ ಮೂಲ ಚೇತನಾ, ಅಂದರೆ ಸಂಕಲ್ಪ ಎಂದು ಭಗವಾನರು ಹೇಳಿದ್ದಾರೆ. ವಿನಯದಲ್ಲಿ ಕೂಡ, ಉದ್ದೇಶವಿಲ್ಲದೆ ಆದ ಸಾವಿಗೆ ಭಿಕ್ಷುವಿನ ಮೇಲೆ ಪಾರಾಜಿಕ ದೋಷ ಬರುವುದಿಲ್ಲ. ಆಕೆ ಕೊಲ್ಲಬೇಕೆಂದು ಹೊರಟವರಲ್ಲ. ಅಲ್ಲಿದ್ದದ್ದು ಪಮಾದ, ಎಚ್ಚರ ತಪ್ಪಿದ ಮನಸ್ಸು. ಅದು ನಮ್ಮಲ್ಲಿ ಯಾರಿಗೂ ಆಗಬಹುದು.

ಆದರೆ ಅಪಘಾತಕ್ಕೆ ಸಂಕಲ್ಪ ಬೇಕಿಲ್ಲ, ವಿಮಾನ ಹತ್ತುವುದಕ್ಕೆ ಬೇಕು. ಡಿಕ್ಕಿ ಆದದ್ದು ಒಂದು ಕ್ಷಣದಲ್ಲಿ. ಹೋಗಬೇಕೋ ಉಳಿಯಬೇಕೋ ಎಂದು ಯೋಚಿಸಲು ದಿನಗಳಿದ್ದವು, ಸಲಹೆ ಕೊಡುವವರಿದ್ದರು. ಆಕೆಯ ಭಯ ಅರ್ಥವಾಗುವಂಥದ್ದೇ. ಆದರೂ ನಿಜವಾದ ಕಮ್ಮ ಶುರುವಾಗುವುದು ಇಲ್ಲಿಂದ. ಅದರಲ್ಲಿ ಆಕೆಯ ಪಾಲಿದೆ, ಹಿಂದೆ ನಿಂತ ಸರ್ಕಾರದ ಪಾಲೂ ಇದೆ.

ಹಾಗಾದರೆ ವಿನಾಯಿತಿಯೇ ತಪ್ಪೇ? ಅಲ್ಲ. ರಾಯಭಾರಿಯ ಮೇಲೆ ಸುಳ್ಳು ಕೇಸು ಹಾಕಿ ಹೆದರಿಸುವ ಸರ್ಕಾರಗಳು ಇರುತ್ತವೆ. ಅದಕ್ಕಾಗಿಯೇ 1961ರ ವಿಯೆನ್ನಾ ಒಪ್ಪಂದ ಈ ರಕ್ಷಣೆ ಕೊಟ್ಟಿತು. ಇದು ವ್ಯಕ್ತಿಯ ಲಾಭಕ್ಕಲ್ಲ, ಕೆಲಸ ಸುಗಮವಾಗಿ ನಡೆಯಲಿ ಎಂಬುದಕ್ಕೆ ಎಂದು ಅದರ ಪೀಠಿಕೆಯಲ್ಲೇ ಇದೆ. ಕ್ರೌಟನ್ ವಿಷಯದಲ್ಲಿ ಒಂದು ವಿಚಿತ್ರವೂ ಇತ್ತು. ಕರ್ತವ್ಯದ ಹೊರಗಿನ ಅಪರಾಧಗಳಿಗೆ ಅಲ್ಲಿನ ನೌಕರರಿಗೆ ರಕ್ಷಣೆ ಇಲ್ಲವೆಂದು 1995ರಲ್ಲೇ ಒಪ್ಪಂದವಾಗಿತ್ತು. ಆದರೆ ಅದರಲ್ಲಿ ಮನೆಯವರ ಮಾತು ಬಂದಿರಲಿಲ್ಲ. ಹೀಗಾಗಿ ನೌಕರನಿಗೆ ಇಲ್ಲದ ರಕ್ಷಣೆ ಅವನ ಹೆಂಡತಿಗೆ ಸಿಕ್ಕಿತು. ಆ ಕಿಂಡಿಯನ್ನು 2020ರ ಜುಲೈನಲ್ಲಿ ಮುಚ್ಚಿದರು.

ಇಂಥದೇ ಸಂಗತಿ ನಮ್ಮ ವಿನಯ ಪಿಟಕದ ಮಹಾವಗ್ಗದಲ್ಲಿದೆ. ಶಾಕ್ಯಪುತ್ರರ ಸಂಘ ಸೇರಿದವರಿಗೆ ಯಾರೂ ಏನೂ ಮಾಡುವಂತಿಲ್ಲ ಎಂದು ಮಗಧದ ಬಿಂಬಿಸಾರ ರಾಜ ಅಪ್ಪಣೆ ಮಾಡಿದ್ದ. ಶ್ರದ್ಧೆಯಿಂದ ಕೊಟ್ಟ ರಕ್ಷಣೆ ಅದು. ಆದರೆ ಸೆರೆಮನೆ ಒಡೆದು ಬಂದ ಕಳ್ಳ ಚೀವರ ತೊಟ್ಟ, ಸಾಲಗಾರ ಚೀವರ ತೊಟ್ಟ. ಇವರನ್ನು ಮುಟ್ಟುವ ಹಾಗಿಲ್ಲವಲ್ಲ ಎಂದು ಜನ ಬೇಸರಪಟ್ಟರು. ಭಗವಾನರು ರಾಜಾಜ್ಞೆಯನ್ನು ತೋರಿಸಿ ಜನರ ಬಾಯಿ ಮುಚ್ಚಿಸಲಿಲ್ಲ. ಅಂಥವರಿಗೆ ಪಬ್ಬಜ್ಜೆ ಕೊಡಬಾರದೆಂದು ನಿಯಮ ಮಾಡಿ, ತಮ್ಮ ಬಾಗಿಲನ್ನೇ ಭದ್ರಪಡಿಸಿದರು. ರಕ್ಷಣೆ ಪಡೆದವರೇ ಅದರ ದುರುಪಯೋಗ ತಡೆಯಬೇಕು ಎಂಬುದು ಇಲ್ಲಿನ ಪಾಠ.

ಒಂದು ದೇಶ ಹಾಗೆ ನಡೆದುಕೊಂಡದ್ದೂ ಇದೆ. 1997ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾ ದೇಶದ ಹಿರಿಯ ರಾಜತಾಂತ್ರಿಕನೊಬ್ಬ ಕುಡಿದು ಕಾರು ಓಡಿಸಿ 16 ವರ್ಷದ ಹುಡುಗಿಯ ಸಾವಿಗೆ ಕಾರಣನಾದ. ಅಮೆರಿಕ ಕೇಳಿತು, ಜಾರ್ಜಿಯಾ ಅವನ ವಿನಾಯಿತಿಯನ್ನು ಬಿಟ್ಟುಕೊಟ್ಟಿತು. ತಪ್ಪೊಪ್ಪಿಕೊಂಡ ಅವನಿಗೆ 7ರಿಂದ 21 ವರ್ಷಗಳ ಸಜೆಯಾಯಿತು. ಅಂದು ಕೇಳಿ ಪಡೆದ ಅಮೆರಿಕವೇ 2019ರಲ್ಲಿ ಕೊಡಲೊಲ್ಲೆ ಎಂದಿತು. ಸತ್ತವರು ನಮ್ಮವರಾದರೆ ಒಂದು ಅಳತೆ, ಪರರಾದರೆ ಇನ್ನೊಂದು ಅಳತೆ! ತನ್ನಂತೆ ಪರರನ್ನು ಕಾಣು ಎಂಬ ಮಾತು ದೇಶಗಳಿಗೂ ಸಲ್ಲಬೇಡವೇ?

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಬಿಂಬಿಸಾರನ ಮಗ ಅಜಾತಶತ್ರು ತಂದೆಯನ್ನೇ ಕೊಂದು ರಾಜನಾದ. ರಾಜನಿಗೆ ಶಿಕ್ಷೆ ಕೊಡುವವರು ಯಾರು? ಪೂರ್ಣ ವಿನಾಯಿತಿ ಎಂದರೆ ಅದೇ. ಆದರೂ ನೆಮ್ಮದಿ ಇರಲಿಲ್ಲ. ಸಾಮಞ್ಞಫಲ ಸುತ್ತದಲ್ಲಿ ಅವನು ಒಂದು ಹುಣ್ಣಿಮೆ ರಾತ್ರಿ ಜೀವಕನ ಮಾವಿನತೋಪಿಗೆ ಬಂದು, ಭಗವಾನರ ಎದುರು ತನ್ನ ಅಪರಾಧ ಹೇಳಿಕೊಳ್ಳುತ್ತಾನೆ. ತಪ್ಪನ್ನು ತಪ್ಪೆಂದು ಕಂಡು ಸರಿಪಡಿಸಿಕೊಳ್ಳುವುದು ಏಳಿಗೆಯ ದಾರಿ ಎಂದು ಭಗವಾನರು ಅದನ್ನು ಸ್ವೀಕರಿಸಿದರು. ಆದರೆ ಅವನು ಹೋದ ಮೇಲೆ, ತಂದೆಯನ್ನು ಕೊಲ್ಲದಿದ್ದರೆ ಇವನಿಗೆ ಇಲ್ಲೇ ಧಮ್ಮಚಕ್ಷು ತೆರೆಯುತ್ತಿತ್ತು ಎಂದರು. ಒಪ್ಪಿಕೊಂಡದ್ದು ಸಾರ್ಥಕವಾಯಿತು, ಆದರೆ ಫಲ ಅಳಿಯಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಆ ಹುಡುಗನ ಹೆತ್ತವರು 2019ರ ಅಕ್ಟೋಬರಿನಲ್ಲಿ ವೈಟ್‌ಹೌಸ್‌ಗೆ ಹೋದಾಗ, ಆಕೆ ಪಕ್ಕದ ಕೋಣೆಯಲ್ಲೇ ಇದ್ದಾರೆ, ಈಗಲೇ ಭೇಟಿ ಮಾಡಿ ಎಂದು ಅಧ್ಯಕ್ಷ ಟ್ರಂಪ್ ಹೇಳಿದರು. ಹೆತ್ತವರು ಒಪ್ಪಲಿಲ್ಲ. ಆಕೆ ಬ್ರಿಟನ್ನಿಗೆ ಬಂದು ಕಾನೂನಿನ ಮುಂದೆ ನಿಲ್ಲಲಿ ಎಂಬುದು ಅವರ ಬೇಡಿಕೆಯಾಗಿತ್ತು. ದೊಡ್ಡವರು ಏರ್ಪಡಿಸಿದ ಭೇಟಿ ಕ್ಷಮೆಯಾಗುವುದಿಲ್ಲ. ಕ್ಷಮೆ ಕೇಳುವವರು ನೊಂದವರ ಬಳಿಗೆ ತಾವಾಗಿ ನಡೆದು ಬರಬೇಕು. 2022ರ ಅಕ್ಟೋಬರಿನಲ್ಲಿ ಆಕೆ ವಿಡಿಯೊ ಮೂಲಕ, ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣವಾದೆನೆಂದು ಲಂಡನ್ನಿನ ನ್ಯಾಯಾಲಯಕ್ಕೆ ತಪ್ಪೊಪ್ಪಿಕೊಂಡರು. ಡಿಸೆಂಬರಿನಲ್ಲಿ 8 ತಿಂಗಳ ಸಜೆಯಾಯಿತು, ಅದೂ ಅಮಾನತಿನಲ್ಲಿ. ಜೈಲಿಗೆ ಹೋಗಬೇಕಾಗಲಿಲ್ಲ. ತಡವಾಗಿ, ದೂರದಿಂದ ಬಂದ ಆ ಒಪ್ಪಿಗೆಗೂ ಬೆಲೆಯಿದೆ. ಮೂರು ವರ್ಷ ಮೊದಲೇ ಬಂದಿದ್ದರೆ ಎರಡು ಮನೆಗಳ ದುಃಖ ಸ್ವಲ್ಪವಾದರೂ ಹಗುರವಾಗುತ್ತಿತ್ತು.

ನಮ್ಮ ಬಳಿ ರಾಜತಾಂತ್ರಿಕ ಪಾಸ್‌ಪೋರ್ಟ್ ಇಲ್ಲ. ಆದರೆ ಸಣ್ಣಪುಟ್ಟ ವಿನಾಯಿತಿಗಳಿವೆ: ಪರಿಚಯದ ಇನ್‌ಸ್ಪೆಕ್ಟರ್, ಆಫೀಸಿನ ಹುದ್ದೆ, ಮನೆಯಲ್ಲಿ ಹಿರಿಯರೆಂಬ ಗೌರವ. ಯಾರೂ ನಮ್ಮನ್ನು ಕೇಳಲಾರರು ಎಂಬ ಧೈರ್ಯ ಬಂದಾಗಲೇ ಹಿರಿ ಮತ್ತು ಓತ್ತಪ್ಪ, ಅಂದರೆ ಪಾಪಕ್ಕೆ ನಾಚುವ ಹಾಗೂ ಅಂಜುವ ಗುಣ, ಕೆಲಸ ಮಾಡಬೇಕು.

ಇಂದಿನ ಅಭ್ಯಾಸ: ಸಂಜೆ ಹತ್ತು ನಿಮಿಷ ಸುಮ್ಮನೆ ಕುಳಿತು, ಯಾರ ಪ್ರಶ್ನೆಗೆ ಉತ್ತರ ಕೊಡದೆ ನನ್ನ ಸ್ಥಾನದ ಮರೆಯಲ್ಲಿ ನಿಂತಿದ್ದೇನೆ ಎಂದು ನೋಡಿಕೊಳ್ಳೋಣ. ನಾಳೆ ಅವರ ಬಳಿಗೆ ನಾವೇ ಹೋಗೋಣ.

ಎಲ್ಲರಿಗೂ ಮಂಗಳವಾಗಲಿ 🙏