ಮಗ್ಗ ಯಾರದು? ಮನೆ, ಕಾಯಕ ಮತ್ತು ಬಂದವಳ ಹಕ್ಕು

ನೆಲೆ ಕೊಟ್ಟವರೇ ದುಡಿಮೆಯನ್ನೂ ಕೊಟ್ಟರೆ ಅದು ದಾನವೋ ದಾಸೋಹವೋ ಎಂಬ ಪ್ರಶ್ನೆ ಶರಣರ ಕಾಲದಷ್ಟು ಹಳೆಯದು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. 12ನೆಯ ಶತಮಾನದ ಕಲ್ಯಾಣಕ್ಕೆ ಪರಸ್ಥಳದವರು ಬಂದು ಸೇರಿದರು. ಮೋಳಿಗೆಯ ಮಾರಯ್ಯ, ಮಹಾದೇವಿ ದಂಪತಿ ಕಾಶ್ಮೀರದಿಂದ ಬಂದು ಸೌದೆ ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಕದಿರ ರೆಮ್ಮವ್ವೆ ನೂತಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದಳು. ಆಯ್ದಕ್ಕಿ ಲಕ್ಕಮ್ಮನ ಕಥೆಯಂತೂ ಮನೆಮಾತು: ದಾಸೋಹದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಗಂಡ ಎಂದಿಗಿಂತ ಹೆಚ್ಚು ಆಯ್ದು ತಂದಾಗ ಆಕೆ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಉದಾರಿಯ ಎದುರು ಬೇಡವೆನ್ನುವ ಅಧಿಕಾರ ದುಡಿಯುವವಳಿಗಿದೆ ಎಂಬುದೇ ಆ ಕಥೆಯ ತಿರುಳು. ಅದನ್ನು ಬರಿಯ ಆಸೆ ಬಿಡುವ ಪಾಠವಾಗಿ ಓದುವುದು ಲಕ್ಕಮ್ಮನನ್ನು ಕಿರಿದುಮಾಡಿದಂತೆ.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಈ ಪ್ರಶ್ನೆ ಮಗ್ಗದ ಮೇಲೆ ಕೂತಿದೆ. ಇಲ್ಲಿನ ಜಮಖಾನ ನೇಯುವ ಮುಸ್ಲಿಂ ಕುಟುಂಬಗಳ ಹಿರಿಯರು ಆದಿಲಶಾಹಿ ಕಾಲದಲ್ಲಿ ವಿಜಯಪುರದಿಂದ ವಲಸೆ ಬಂದವರೆಂದು ಹೇಳಿಕೆಯಿದೆ. ನೇಯುವವರು ಹೆಂಗಸರೇ, ಮನೆಯೊಳಗೆ ನಿಲ್ಲಿಸಿದ ಮಗ್ಗ, ಬಣ್ಣದ ಹತ್ತಿ ನೂಲು, ಪಗಡೆಹಾಸು, ನವಿಲುಗಳ ಚಿತ್ತಾರ. ನಮಾಜಿನ ಹಾಸು ಜಾನಮಾಜನ್ನೂ ಅವರೇ ನೇಯುತ್ತಾರೆ. ದಾವೂದ್ ಪ್ರವಾದಿ ತನ್ನ ಕೈದುಡಿಮೆಯಿಂದಲೇ ಉಣ್ಣುತ್ತಿದ್ದನೆಂದು ಹದೀಸಿನಲ್ಲಿದೆ. ಕಾಯಕದ ಮಾತಿಗೆ ಅದು ದೂರದ್ದಲ್ಲ.

ಈ ವಿದ್ಯೆಯನ್ನು ಮದುವೆಯಾಗದ ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವುದು ರೂಢಿ. ಮಗಳು ಹೋದ ಮನೆಗೆ ಗುಟ್ಟೂ ಹೋದೀತೆಂಬ ಅಂಜಿಕೆ. ಹೀಗಾಗಿ ಹೊರಗಿನಿಂದ ಬಂದವಳಿಗೆ ಮಗ್ಗ ಸಿಗುತ್ತದೆ, ಒಳಗೆ ಹುಟ್ಟಿದವಳು ಬರಿಗೈಲಿ ಹೊರಡುತ್ತಾಳೆ. ಬಂದವಳಿಗೆ ಸೂರು, ಕಸುಬು ಎರಡೂ ಕೊಡುವ ಮನೆ ಉದಾರವೆಂದೇ ಕಾಣುತ್ತದೆ. ಆದರೆ ಇಲ್ಲಿ ಕಸುಬು ಮನೆಯದು, ನೇಯುವವಳದಲ್ಲ. ಕಾಯಕವಾದರೋ ಮಾಡುವವರ ಜೊತೆಗೇ ನಡೆಯಬೇಕು. ರೆಮ್ಮವ್ವೆಯ ಕದಿರು ಯಾವ ಮನೆತನದ ಗುಟ್ಟೂ ಆಗಿರಲಿಲ್ಲ. ಬಡತನದ ನಡುವೆ ಉಳಿದೊಂದು ಆಸ್ತಿಯನ್ನು ಕಾಯುವವರ ಅಂಜಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ನಿಜ. ಆದರೂ ಆ ಕಾವಲಿನ ಬೆಲೆ ತೆರುವವಳು ಮಗಳು.

2011ರಲ್ಲಿ ಜಮಖಾನಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಅದು ನಕಲಿಗೆ ತಡೆ. ಆದರೆ ಆ ಹೆಸರು ಅಂಟಿಕೊಂಡಿರುವುದು ನೆಲಕ್ಕೆ. ಗೊತ್ತುಪಡಿಸಿದ ಎಲ್ಲೆಯಾಚೆ ಅದೇ ಕೈ ಅದೇ ಹಾಸು ನೇಯ್ದರೂ ಆ ಹೆಸರು ಸಲ್ಲದು. ಸೊಸೆಗೆ ಮನೆ ಹಾಕಿದ ಕಟ್ಟನ್ನೇ ಕಾನೂನು ಊರಿನ ಅಳತೆಯಲ್ಲಿ ಹಾಕಿದೆ.

ಮನೆ ಕಟ್ಟಿಕೊಟ್ಟು ಹೆಂಗಸರಿಗೆ ಕೆಲಸ ಹಚ್ಚುವ ಸಂಸ್ಥೆ, ಸಂಘ, ಸರ್ಕಾರಗಳು ನಿಂತಿರುವುದೂ ಅತ್ತೆಮನೆಯ ಜಾಗದಲ್ಲೇ. ನೆಲೆ ಬದಲಿಸಿದವಳ ಜೊತೆ ಕಸುಬೂ, ಅದರ ಬೆಲೆ ಹೇಳುವ ಮಾತೂ ಹೋಗುವುದಾದರೆ ಆ ಕೊಡುಗೆ ದಾಸೋಹದ ಕಡೆಗೆ ವಾಲುತ್ತದೆ. ಹೋಗದಿದ್ದರೆ ಅವಳು ಕೊಟ್ಟವರ ಹಂಗಿನಲ್ಲಿ ಉಳಿಯುತ್ತಾಳೆ. ಇನ್ನೊಂದು ಸಣ್ಣ ಸಂಗತಿ: ನಿಂತ ಮಗ್ಗಕ್ಕೆ ಎತ್ತರದ ಸೂರು ಬೇಕು, ಎದುರಿಗೆ ಇಬ್ಬರು ಕೂರುವಷ್ಟು ಜಾಗ ಬೇಕು. ಅದನ್ನು ಲೆಕ್ಕಕ್ಕೆ ಹಿಡಿಯದ ಮನೆಯಲ್ಲಿ ಮಗ್ಗ ಬಿಚ್ಚಿ ಮೂಲೆ ಸೇರುತ್ತದೆ.